ಹಿರಿಯಡ್ಕ ಹತ್ತಿರ 15 ಸೆಂಟ್ಸ್ ಜಾಗ, ಮನೆ ಲೈಸೆನ್ಸ್‌ಗೆ ಎಲ್ಲಿಂದ ಶುರು ಮಾಡುವುದು?

ಬೊಂಬಾಯಿಯಿಂದ ಊರಿಗೆ:
ಎಲ್ಲರಿಗೂ ನಮಸ್ಕಾರ. ಹಿರಿಯಡ್ಕದಿಂದ ಪೆರ್ಡೂರಿಗೆ ಹೋಗುವ ದಾರಿಯಲ್ಲಿ ನಮ್ಮ ಜಾಗ ಉಂಟು. ಅದರಲ್ಲಿ 15 ಸೆಂಟ್ಸ್ ನನಗೆ ಅಂತ ಮನೆಯಲ್ಲಿ ಮಾತಾಗಿದೆ. ಅಪ್ಪ ತೀರಿಹೋಗಿದ್ದಾರೆ, ಆರ್‌ಟಿಸಿ (ಪಹಣಿ) ಇನ್ನೂ ಅವರ ಹೆಸರಲ್ಲೇ ಇದೆ. ಅಕ್ಕ ದುಬೈಯಲ್ಲಿದ್ದಾಳೆ, ಅವಳದ್ದೇನೂ ತಕರಾರಿಲ್ಲ. ಆರ್‌ಟಿಸಿಯಲ್ಲಿ ಪುಂಜ, ಅಂದರೆ ಒಣ ಜಾಗ ಅಂತ ಇದೆ. ಮಳೆಗಾಲ ಮುಗಿದ ಕೂಡಲೇ ಪಂಚಾಂಗ (ಮನೆಯ ಅಡಿಪಾಯ) ಹಾಕಿ ಬಿಡುವ, ಲೈಸೆನ್ಸ್ ಆಮೇಲೆ ಹೇಗೂ ಸಿಗುತ್ತದೆ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ಇಂಜಿನಿಯರ್ ಪ್ಲಾನ್ ಕೂಡ ರೆಡಿ, ಕೆಳಗೆ ಮೇಲೆ ಸೇರಿ 1,600 ಚದರ ಅಡಿ. ನೇರ ಪಂಚಾಯತ್‌ಗೆ ಅರ್ಜಿ ಕೊಟ್ಟರೆ ಆಗುತ್ತದಾ? ಬ್ಯಾಂಕ್ ಲೋನ್ ಬೇಕು.

ಮುರಕಲ್ಲು:
ಪ್ಲಾನ್ ಸದ್ಯಕ್ಕೆ ಕಪಾಟಿನಲ್ಲಿರಲಿ ಮಾರಾಯ್ರೆ. ಲೈಸೆನ್ಸ್ ಕೊಡುವುದು ಪಂಚಾಯತ್ ಹೌದು, ಆದರೆ ಅದು ಕೊನೆಯ ಕೆಲಸ. ಮೊದಲು ಜಾಗ ನಿಮ್ಮ ಹೆಸರಿಗೆ ಬರಬೇಕು. ಅಪ್ಪನ ಮರಣ ಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆ ಮಾಡಿಸಿ, ಆಗ ಆರ್‌ಟಿಸಿ ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಬರುತ್ತದೆ. ಆಮೇಲೆ 11ಇ ನಕ್ಷೆಗೆ ಅರ್ಜಿ ಹಾಕಿ. ಸರ್ವೆಯವರು ಬಂದು ನಿಮ್ಮ 15 ಸೆಂಟ್ಸ್ ಯಾವುದು ಅಂತ ಅಳೆದು ಗೆರೆ ಹಾಕಿದ ಮೇಲೆ ಪಾಲುಪಟ್ಟಿ ನೋಂದಣಿ, ಅದರ ನಂತರ ಮ್ಯುಟೇಶನ್ (ಖಾತೆ ಬದಲಾವಣೆ) ಆಗಿ ನಿಮ್ಮೊಬ್ಬರದ್ದೇ ಆರ್‌ಟಿಸಿ. ಮನೆಯವರ ಬಾಯಿಮಾತು ಕಚೇರಿಯಲ್ಲಿ ನಡೆಯುವುದಿಲ್ಲ.

ಅದಾದ ಮೇಲೆ ಕನ್ವರ್ಷನ್, ಅಂದರೆ ಕೃಷಿ ಜಾಗವನ್ನು ಮನೆ ಕಟ್ಟುವ ಜಾಗವಾಗಿ ಬದಲಿಸುವುದು. ಭೂಕಂದಾಯ ಕಾಯ್ದೆ ಸೆಕ್ಷನ್ 95ರ ಕೆಳಗೆ ಬರುತ್ತದೆ, ಅರ್ಜಿ ಆನ್‌ಲೈನ್, ಆದೇಶ ಡಿಸಿಯದ್ದು. ಪುಂಜ ಆದ್ದರಿಂದ ಗದ್ದೆಯಷ್ಟು ತಲೆಬಿಸಿ ಇರಲಿಕ್ಕಿಲ್ಲ. ಆದೇಶ ಬಂದ ಮೇಲೆ ಏಕ ನಿವೇಶನ ನಕ್ಷೆಯ (ಒಂದೇ ಮನೆ ಸೈಟಿನ ನಕ್ಷೆ) ಅನುಮೋದನೆ, ನಂತರ ಪಂಚಾಯತ್‌ನ ಆಸ್ತಿ ದಾಖಲೆ ಕೊಡುವ ಆನ್‌ಲೈನ್ ವ್ಯವಸ್ಥೆ ಇ-ಸ್ವತ್ತುವಿನಲ್ಲಿ 9/11, ಅಂದರೆ ನಮೂನೆ 9 ಮತ್ತು 11ಎ. ಅದು ಕೈಗೆ ಬಂದ ಮೇಲೆ ಪ್ಲಾನ್ ಹಿಡಿದುಕೊಂಡು ಪಿಡಿಒ ಹತ್ತಿರ ಹೋಗಿ. ನಕ್ಷೆಯ ಅನುಮೋದನೆ ಯಾರು ಕೊಡುವುದು ಎಂಬ ನಿಯಮ ಆಗಾಗ ಬದಲಾಗುತ್ತದೆ, ಅದೊಂದನ್ನು ಮಾತ್ರ ಪಂಚಾಯತ್‌ನಲ್ಲಿ ಈಗಲೇ ಕೇಳಿಟ್ಟುಕೊಳ್ಳಿ.

ಅಕ್ಕ ಬರಲು ಆಗದಿದ್ದರೆ ಅಲ್ಲಿನ ಕಾನ್ಸುಲೇಟ್‌ನಲ್ಲಿ ಪವರ್ ಆಫ್ ಅಟಾರ್ನಿ ಮಾಡಿಸಿ ಕಳಿಸಲಿ. ಅದು ಇಲ್ಲಿಗೆ ತಲುಪಿದ 3 ತಿಂಗಳ ಒಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ತುಂಬಾ ಜನ ಇದನ್ನು ಮರೆಯುತ್ತಾರೆ.

ಪಡುಬಿದ್ರಿಯವ:
ಇಷ್ಟೆಲ್ಲ ಮಾಡಿ ಮನೆ ಕಟ್ಟಿದವರು ನಮ್ಮ ಊರಲ್ಲಿ ಎಷ್ಟು ಜನ ಇದ್ದಾರೆ? ಸುಮ್ನೆ ಹೆದರಿಸಬೇಡಿ. ಸ್ವಂತ ಕೃಷಿ ಜಾಗದಲ್ಲಿ ತೋಟದ ಮನೆ ಕಟ್ಟಲಿಕ್ಕೆ ಕನ್ವರ್ಷನ್ ಬೇಡ ಅಂತ ಅದೇ ಸೆಕ್ಷನ್ 95ರಲ್ಲಿ ಇದೆ.

ಮುರಕಲ್ಲು:
ಇದೆ, ಇಲ್ಲ ಅಂದವರು ಯಾರು? ಆದರೆ ಪೂರ್ತಿ ಓದಿ. ಹಿಡುವಳಿಯ ಶೇ. 10ಕ್ಕಿಂತ ಹೆಚ್ಚು ಜಾಗ ಬಳಸುವಂತಿಲ್ಲ. ಪಾಲಾದ ಮೇಲೆ ಇವರ ಹೆಸರಲ್ಲಿ ಈ 15 ಸೆಂಟ್ಸ್ ಮಾತ್ರ ಇದ್ದರೆ ಒಂದೂವರೆ ಸೆಂಟ್ಸ್ ಆಯಿತು, ಹತ್ತಿರ ಹತ್ತಿರ 650 ಚದರ ಅಡಿ. ಇವರ ಮನೆಯ ಕೆಳಗಿನ ಅಂತಸ್ತೇ ಅದರಲ್ಲಿ ಹಿಡಿಸುವುದಿಲ್ಲ. ಬಾಡಿಗೆಗೂ ಕೊಡುವಂತಿಲ್ಲ. ಎಕರೆಗಟ್ಟಲೆ ತೋಟ ಇದ್ದವರಿಗೆ ಅದು ಸರಿ.

ಸುವರ್ಣೆಯ ದಡ:
ಲೋನ್ ಬೇಕು ಅಂದ ಮೇಲೆ ಚರ್ಚೆಯೇ ಬೇಡ ಅಲ್ವಾ? 9/11, ಲೈಸೆನ್ಸ್, ಇಸಿ (ಋಣಭಾರ ಪ್ರಮಾಣಪತ್ರ) ಇಲ್ಲದೆ ಬ್ಯಾಂಕಿನ ವಕೀಲರು ಫೈಲ್ ಮುಂದಕ್ಕೆ ಬಿಡುವುದಿಲ್ಲ. ಕರೆಂಟಿನದ್ದೂ ಮೊದಲಿನ ಹಾಗಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಮನೆ ಪೂರ್ತಿಯಾದ ಪ್ರಮಾಣಪತ್ರ ಕೇಳುವುದು ಶುರುವಾಗಿ ಜಿಲ್ಲೆಯಲ್ಲಿ ಎಷ್ಟೋ ಜನ ಒದ್ದಾಡಿದ್ದಾರೆ. ನಮ್ಮ ಪಕ್ಕದ ಮನೆಯವರು ಪಂಚಾಂಗ ಮೊದಲು ಹಾಕಿದರು. ಆಮೇಲೆ ಅಳತೆ ಆದಾಗ ಒಂದು ಮೂಲೆ ಕುಮ್ಕಿಯಲ್ಲಿ, ಅಂದರೆ ಹಿಡುವಳಿಗೆ ತಾಗಿದ ಸರಕಾರಿ ಜಾಗದಲ್ಲಿ ಕೂತಿತ್ತು. ಈಗ ಅತ್ತ ಒಡೆಯಲಿಕ್ಕೂ ಮನಸ್ಸಿಲ್ಲ, ಇತ್ತ ಲೈಸೆನ್ಸೂ ಇಲ್ಲ.

ಅಂದ ಹಾಗೆ ನಿಮ್ಮ ಜಾಗ ರಸ್ತೆ ಬದಿಯಲ್ಲಾ? ಅದು ರಾಷ್ಟ್ರೀಯ ಹೆದ್ದಾರಿ 169ಎ. ರಸ್ತೆಯ ನಡುವಿನಿಂದ 40 ಮೀಟರ್ ಬಿಟ್ಟು ಕಟ್ಟಬೇಕು.

ಬೊಂಬಾಯಿಯಿಂದ ಊರಿಗೆ:
ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಮೇಸ್ತ್ರಿಗೆ ಈಗಲೇ ಫೋನ್ ಮಾಡಿ ಬೇಡ ಅಂದೆ, ಸ್ವಲ್ಪ ಮುಖ ಊದಿಸಿಕೊಂಡಿದ್ದಾರೆ. ಜಾಗ ಹೆದ್ದಾರಿಯಿಂದ ಒಳಗೆ ಉಂಟು, 40 ಮೀಟರ್ ಸಮಸ್ಯೆ ಇಲ್ಲ. ಆದರೆ ಒಳಗೆ ಹೋಗುವ ಮಣ್ಣಿನ ರಸ್ತೆ ಅರ್ಧ ನಮ್ಮ ಕುಮ್ಕಿಯಲ್ಲಿ, ಅರ್ಧ ಪಕ್ಕದವರ ವರ್ಗ (ಪಟ್ಟಾ) ಜಾಗದಲ್ಲಿ ಹೋಗುತ್ತದೆ. ಅಜ್ಜನ ಕಾಲದಿಂದ ಓಡಾಡುತ್ತಿದ್ದೇವೆ.

ಮುರಕಲ್ಲು:
ಇದನ್ನು ಮೊದಲೇ ಹೇಳಬೇಕಿತ್ತು! ಎಲ್ಲದಕ್ಕಿಂತ ದೊಡ್ಡ ವಿಷಯ ಇದೇ. ಏಕ ನಿವೇಶನ ನಕ್ಷೆಯಲ್ಲಿ ಜಾಗಕ್ಕೆ ದಾರಿ ತೋರಿಸಬೇಕು, ದಾಖಲೆ ಇಲ್ಲದ ದಾರಿ ತೋರಿಸಿದರೆ ಫೈಲ್ ವಾಪಸ್ ಬರುತ್ತದೆ. ಕುಮ್ಕಿ ಅಂದರೆ ಸೊಪ್ಪು, ಸೌದೆ, ಹುಲ್ಲಿನ ಹಕ್ಕು ಮಾತ್ರ, ಜಾಗ ಸರಕಾರದ್ದೇ. ಆ ರಸ್ತೆ ಪಂಚಾಯತ್ ರಸ್ತೆಗಳ ಪಟ್ಟಿಯಲ್ಲಿ ಉಂಟಾ ಅಂತ ನೋಡಿ. ಇದ್ದರೆ ಅರ್ಧ ಕೆಲಸ ಆಯಿತು. ಇಲ್ಲದಿದ್ದರೆ ಪಕ್ಕದವರ ಹತ್ತಿರ ದಾರಿ ಹಕ್ಕಿನ ಪತ್ರ ಬರೆಸಿ ನೋಂದಣಿ ಮಾಡಿಸಿ, ಅದೂ ಸಂಬಂಧ ಚೆನ್ನಾಗಿರುವಾಗಲೇ. ನೀವು ಮನೆ ಕಟ್ಟುತ್ತೀರಿ ಅಂತ ಗೊತ್ತಾದ ಮೇಲೆ ರೇಟು ಬೇರೆ ಆಗುತ್ತದೆ.

ಪಡುಬಿದ್ರಿಯವ:
ಈ ದಾರಿಯ ಮಾತು ಮಾತ್ರ ನೂರಕ್ಕೆ ನೂರು ಸತ್ಯ. ಒಂದು ಸಂಜೆ ಅಕ್ಕನನ್ನು ಫೋನಲ್ಲಿ ಇಟ್ಟುಕೊಂಡೇ ಪಕ್ಕದ ಮನೆಗೆ ಹೋಗಿ ಮಾತಾಡಿ, ಹಳೆಯ ಪರಿಚಯ ಕೆಲಸಕ್ಕೆ ಬರುತ್ತದೆ. ಪಹಣಿಯ ಪ್ರತಿ ತೆಗೆಯುವಾಗ ಅವರ ಸರ್ವೆ ನಂಬರಿನದ್ದೂ ಒಂದು ತೆಗೆಯಿರಿ, ದಾರಿ ಇರುವ ಜಾಗ ಯಾರ ಹೆಸರಲ್ಲಿದೆ ಅಂತ ಅವರಿಗೇ ಗೊತ್ತಿಲ್ಲದಿರಬಹುದು.