ಹೆಸರು ಕೂಗಿ ಬೈಬೇಡ ಪುಟ್ಟಾ

ಶ್ರುತಿ ಪುಟ್ಟಾ, ಈಗಷ್ಟೇ ನೋಡ್ದೆ ನಿನ್ನ ಮೆಸೇಜು. ನಿನ್ನ ನಾಯಿ ಭೀಮ ಗೇಟ್ ಹತ್ರ ನಿಂತ್ರೆ ಎಷ್ಟು ಕರೆದ್ರೂ ತಿರುಗಲ್ಲ, ಎಳೆದ್ರೆ ಕುತ್ತಿಗೆ ಬಿಗಿಯೋ ಆ ಚೋಕ್ ಚೈನ್ ಹಾಕ್ಲಾ ಅಂತ ಕೇಳಿದ್ಯಲ್ಲ, ಬೇಡವೇ ಬೇಡ. ಅವನು ಮುಧೋಳ ತಳಿಯವನು ಕಣೇ, ಕಣ್ಣಲ್ಲೇ ಬೇಟೆ ಹುಡುಕೋ ಜಾತಿ, ರಸ್ತೆ ಆ ತುದೀಲಿ ಬೆಕ್ಕು ಬಾಲ ಆಡಿಸಿದ್ರೂ ಕಾಣತ್ತೆ, ಆವಾಗ ಯಾರು ಕರೆದ್ರೂ ಕಿವಿಗೆ ಬೀಳಲ್ಲ. ಅದು ಕೊಬ್ಬಲ್ಲ. ಮೊದ್ಲು ಒಂದು ಮಾತು, ಅವನ ಹೆಸರು ಕೂಗಿ ಬೈಬೇಡ, ಹೊಡೀಬೇಡ.

ನಮ್ಮ ಟೈಗರ್ ಗೊತ್ತಲ್ಲ, ಹನುಮಂತನಗರದ ಮನೇಲಿದ್ದ ಡಾಬರ್ಮನ್ನು, ನಿಮ್ಮಪ್ಪನ ಹಿಂದೇನೇ ಸುತ್ತಾಡ್ತಿದ್ದ. ನಿಮ್ಮ ದೊಡ್ಡಪ್ಪ ಯಾರೋ ಟ್ರೇನರ್‌ನ ಕರ್ಕೊಂಡು ಬಂದ್ರು. ಆ ಮನುಷ್ಯ ಟೈಗರ್ ಅನ್ನೋದು, ಚೈನ್ ಜಗ್ಗೋದು, ಮತ್ತೆ ಟೈಗರ್ ಅನ್ನೋದು, ಮತ್ತೆ ಜಗ್ಗೋದು. ನಾನು ಬಟ್ಟೆ ಒಣಗಾಕ್ತಾ ನೋಡ್ತಿದ್ದೆ, ಹೆಸರು ಕಿವಿಗೆ ಬಿದ್ದ ತಕ್ಷಣ ಕಿವಿ ಹಿಂದಕ್ಕೆ ಅಂಟ್ಕೊಳ್ಳೋದು, ನಾಲಿಗೇಲಿ ಮೂಗು ನೆಕ್ಕೋದು, ಮುಖ ಆ ಕಡೆ ತಿರುಗಿಸೋದು. ಅದು ಹೆದರಿಕೆ, ಅವ್ರು ಹಠ ಅಂದ್ಕೊಂಡ್ರು. ನಾನು ಹೇಳ್ದೆ, ಯಾರು ಕೇಳಿದ್ರು? ದೀಪಾವಳೀಲಿ ಆಟಂ ಬಾಂಬ್ ಶಬ್ದಕ್ಕೆ ಗೇಟ್ ದಾಟಿ ಓಡ್ದ, ರಸ್ತೆ ಆಚೆ ನಿಂತು ನಮ್ಮನ್ನೇ ನೋಡ್ತಿದ್ದ, ವಾಪಸ್ ಬರೋಕೆ ಕಾಲೂ ಎತ್ತಿದ್ದ, ಅಷ್ಟ್ರಲ್ಲಿ ದೊಡ್ಡಪ್ಪ ಟೈಗರ್ ಅಂತ ಕೂಗಿದ್ರು ನೋಡು, ತಿರುಗ್ಕೊಂಡು ಓಡ್ದ, ಆಟೋಗೆ ಸಿಕ್ಕಿ ಒಂದು ಹಿಂಗಾಲು ಹೋಯ್ತು. ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಹೊತ್ಕೊಂಡು ಹೋಗಿ ಜೀವ ಉಳಿಸ್ಕೊಂಡ್ವಿ. ಅದಕ್ಕೇ ಬಡ್ಕೊಳ್ತಿರೋದು, ಹೆಸರು ಕೂಗಿ ಹೊಡೀಬೇಡ, ಬೈಬೇಡ.

ನಾಯಿ ತರೋಕೆ ಎಲ್ರೂ ಮುಂದೆ, ಆಮೇಲೆ ಅದರ ಊಟ, ವ್ಯಾಕ್ಸಿನ್ನು, ವಾಕಿಂಗು ಎಲ್ಲಾ ನನ್ನ ತಲೆಗೇ. ಈಗ ನಮ್ಮ ಅಪಾರ್ಟ್‌ಮೆಂಟಲ್ಲಿ ಲಿಫ್ಟಲ್ಲಿ ನಾಯಿ ತರಬಾರದು ಅಂತ ನೋಟಿಸ್ ಅಂಟಿಸಿದಾರೆ. ಹಂಗೆ ತಡೆಯೋ ಹಾಗಿಲ್ಲ ಅಂತ ಅನಿಮಲ್ ವೆಲ್ಫೇರ್ ಬೋರ್ಡಿನವರು 2015ರಲ್ಲೇ ಬರೆದಿದಾರೆ, ಪ್ರಿಂಟ್ ತಗೊಂಡೋಗಿ ತೋರಿಸಿದ್ರೂ ಸೆಕ್ರೆಟರಿ ಕಣ್ಣೆತ್ತಿ ನೋಡ್ಲಿಲ್ಲ, ಈ ಮಂಡಿನೋವಲ್ಲಿ ನಮ್ಮ ಈಗಿನ ನಾಯಿ ಚಿನ್ನೀನ ಮೆಟ್ಟಿಲಲ್ಲಿ ಇಳಿಸ್ತಿದೀನಿ. ನಿಮ್ಮ ದೊಡ್ಡಪ್ಪ ಮೀಟಿಂಗಿಗೂ ಬರಲ್ಲ.

ಅಯ್ಯೋ, ನೀನು ಏನು ಮಾಡ್ಬೇಕು ಅಂತಾನೇ ಹೇಳ್ಲಿಲ್ಲ ನೋಡು. ಉಪ್ಪು ಈರುಳ್ಳಿ ಹಾಕದೆ ಬೇಯಿಸಿದ ಚಿಕನ್ನು, ಬಟಾಣಿ ಗಾತ್ರ ಮಾಡಿಟ್ಕೊ, ನಿಮ್ಮತ್ತೆ ಅಡುಗೆಮನೇಲಿ ಚಿಕನ್ ಬಿಡಲ್ಲ ಅಂದ್ರೆ ಪನೀರ್ ಆಗತ್ತೆ, ಅಷ್ಟು ಅವನ ಊಟದಲ್ಲಿ ಕಮ್ಮಿ ಮಾಡು. ಮನೆ ಒಳಗೆ, ಸದ್ದುಗದ್ದಲ ಇಲ್ಲದಾಗ, ಹೆಸರು ಒಂದೇ ಸಲ ಹೇಳು, ಕಣ್ಣು ನಿನ್ ಕಡೆ ಬಂದ ತಕ್ಷಣ ಶಭಾಷ್ ಅಂದು ಒಂದು ತುಂಡು ಬಾಯಿಗಿಡು. ಅದು ಪಕ್ಕಾ ಆದ್ಮೇಲೆ ವರಾಂಡ, ಆಮೇಲೆ ಗೇಟು, ಕೊನೆಗೆ ರಸ್ತೆ. ಎದುರಿಗೆ ಇನ್ನೊಂದು ನಾಯಿ ಬಂದ್ರೆ ಇವನು ಬಾಯಿ ಮುಚ್ಚಿ ಮೈ ಬಿಗಿ ಮಾಡೋಕ್ಕೆ ಮುಂಚೇನೇ ಕರೀಬೇಕು, ತಿರುಗ್ಲಿಲ್ವಾ, ಇನ್ನೊಂದ್ಸಲ ಕೂಗ್ಬೇಡ, ಅವನ ಜೊತೆ ಹಿಂದೆ ಸರಿದು ದೂರ ಹೋಗು, ಅಲ್ಲಿಂದ ಕರಿ. ಇನ್ನೊಂದು, ಈ ಜಾತಿಗೆ ತಲೆ ಸಣ್ಣ, ಮಾಮೂಲಿ ಕುತ್ತಿಗೆಪಟ್ಟಿ ಸುಲಭವಾಗಿ ಜಾರಿ ಬಂದುಬಿಡತ್ತೆ, ಮೈಗೆ ಹಾಕೋ ಹಾರ್ನೆಸ್ ತಗೋ, ಇವತ್ತು ಆಫೀಸಿಂದ ಬರ್ತಾನೇ ತಗೊಂಡು ಬಾ, ದೀಪಾವಳಿವರೆಗೂ ಕಾಯ್ಬೇಡ.