ಸಮಸ್ಯಾಪೂರಣ: ‘ಒಣಮರದೊಳೀಜಿದುದು ಮೀನುಗಳ ಹಿಂಡು’

ಸಂಚಾಲಕ:
ಎಲ್ಲರಿಗೂ ನಮಸ್ಕಾರ. ಈ ವಾರದ ಸಮಸ್ಯೆ ಇಗೋ. ಅಸಂಬದ್ಧ ಅನ್ನಿಸುವ ಈ ಸಾಲೇ ಕೊನೆಗೆ ಬರಬೇಕು, ಹಿಂದೆ ಮೂರು ಸಾಲು ಕಟ್ಟಿ ಅದಕ್ಕೆ ಅರ್ಥ ಬರಿಸಬೇಕು:

ಒಣಮರದೊಳೀಜಿದುದು ಮೀನುಗಳ ಹಿಂಡು

ಪಂಚಮಾತ್ರೆಯ ಚೌಪದಿ. ಒಂದು ಮತ್ತು ಮೂರನೇ ಸಾಲಿಗೆ 20 ಮಾತ್ರೆ, ಎರಡು ಮತ್ತು ನಾಲ್ಕಕ್ಕೆ 18. ಆದಿಪ್ರಾಸ ಬೇಕೇ ಬೇಕು. ಪ್ರತಿ ಸಾಲಿನ ಎರಡನೇ ಅಕ್ಷರ ‘ಣ’, ಅದರ ಹಿಂದೆ ಲಘು. ವಸ್ತುವಿಗೂ ಒಂದು ಬೇಲಿ ಹಾಕಿದ್ದೇನೆ: ಜಪಾನಿನ ಮರದಚ್ಚಿನ ಚಿತ್ರಗಳು. ಫೂಜಿ ಬೆಟ್ಟ, ದೊಡ್ಡ ಅಲೆ, ಕಿಮೋನೋ ಸುಂದರಿಯರು ಬೇಡ. ಅವರ ಮೇಲೆ ಎಲ್ಲರೂ ಬರೆದಾಗಿದೆ. ಮೀನು, ಚಿಪ್ಪು, ಹೂಕುಂಡ, ಚಹಾದ ಸಾಮಾನು, ಹೀಗೆ ಸುಮ್ನೆ ಇಟ್ಟ ವಸ್ತುಗಳ ಚಿತ್ರಗಳು ಮಾತ್ರ.

ಗುರುಲಘು:
ಸಾರ್, ಪದ್ಯಪ್ರಿಯರಿಗೆ ಜಪಾನಿನ ಮೀನು ಯಾಕೆ?

ಸಂಚಾಲಕ:
ಆ ಮೀನುಗಳಿಗೆ ದುಡ್ಡು ಕೊಟ್ಟವರೇ ಪದ್ಯಪ್ರಿಯರು ಸ್ವಾಮಿ! ಎದೋ ಪಟ್ಟಣದಲ್ಲಿ, ಅಂದರೆ ಈಗಿನ ಟೋಕಿಯೋದಲ್ಲಿ, ಕ್ಯೋಕಾ ಅನ್ನೋ ಚೇಷ್ಟೆಯ ಪದ್ಯ ಬರೆಯುವ ಗುಂಪುಗಳಿದ್ದವು. 5-7-5-7-7, ಒಟ್ಟು 31 ಉಚ್ಚಾರಗಳು. ವಿಷಯ ಕೊಡುವುದು, ಎಲ್ಲರೂ ಕಟ್ಟುವುದು, ಒಬ್ಬರು ಆರಿಸುವುದು. ನಾವು ಇಲ್ಲಿ ಮಾಡೋದೂ ಅದನ್ನೇ ಅಲ್ವಾ? ಹೊಸವರ್ಷ ಬಂದಾಗ ಗುಂಪಿನವರು ದುಡ್ಡು ಹಾಕಿ ಒಳ್ಳೇ ಕಲಾವಿದನಿಂದ ಚಿತ್ರ ಬರೆಸಿ, ಪಕ್ಕದಲ್ಲಿ ತಮ್ಮ ಪದ್ಯ ಅಚ್ಚು ಹಾಕಿಸಿ, ಗೆಳೆಯರಿಗೆ ಹಂಚುತ್ತಿದ್ದರು. ಅದಕ್ಕೆ ಸುರಿಮೋನೋ ಅಂತ ಹೆಸರು. ಮಾರಾಟಕ್ಕಲ್ಲ, ಹಾಗಾಗಿ ಖರ್ಚಿಗೆ ಹಿಂದೆಮುಂದೆ ನೋಡುತ್ತಿರಲಿಲ್ಲ. ದಪ್ಪನೆಯ ಹೋಶೋ ಕಾಗದ, ಹಿತ್ತಾಳೆ ತಾಮ್ರದ ಪುಡಿ, ಎಲ್ಲ ಬಳಸಿದ್ದಾರೆ. ವಸ್ತುಚಿತ್ರಗಳು ಜಾಸ್ತಿ ಸಿಗೋದು ಇಲ್ಲೇ.

ಇನ್ನೊಂದು ಮಜಾ ಇದೆ. ಜಪಾನಿನ ಪಂಚಾಂಗದಲ್ಲಿ ವರ್ಷಕ್ಕೊಂದು ಪ್ರಾಣಿಯ ಹೆಸರು, 1822 ಕುದುರೆ ವರ್ಷ. ಆ ಹೊಸವರ್ಷಕ್ಕೆ ಕಲಾವಿದ ಹೊಕುಸಾಯ್ ಒಂದು ಕವಿಗುಂಪಿಗಾಗಿ ಕುದುರೆಯ ಹೆಸರಲ್ಲಿ ಇಡೀ ಸರಣಿ ಮಾಡಿಕೊಟ್ಟ. ಹಾಳೆ ತೆರೆದರೆ ಎಷ್ಟೋ ಕಡೆ ಕುದುರೆಯೇ ಇಲ್ಲ! ಯಾವುದೋ ಸಾಮಾನು ಇಟ್ಟಿರುತ್ತಾನೆ. ಅದಕ್ಕೂ ಕುದುರೆಗೂ ಏನು ನಂಟು ಅಂತ ನೋಡುವವನೇ ತಲೆ ಕೆರೆದುಕೊಳ್ಳಬೇಕು. ಚಿತ್ರವೇ ಸಮಸ್ಯೆ.

ತುಂಗಾತೀರ:
ಹಾಗಾದರೆ ಬೋಣಿ ನಂದೇ ಇರಲಿ.

ಮಣೆಯಂತೆ ಹದಗೊಳಿಸಿ ಚೆರಿಮರವ ಕೆತ್ತಿದರು
ಗುಣವರಿತು ಹಿರೊಶಿಗೆಯ ಗೆರೆಗಳನೆ ಹಿಡಿದು
ಕ್ಷಣದೊಳಗೆ ನೀಲಿಯನು ಬಳಿದೊತ್ತಿ ತೆಗೆವಾಗ
ಒಣಮರದೊಳೀಜಿದುದು ಮೀನುಗಳ ಹಿಂಡು

ಮರದಚ್ಚಿನ ಕಲಾವಿದ ಹಿರೊಶಿಗೆಯ ಮೀನಿನ ಸರಣಿ ಮನಸ್ಸಲ್ಲಿತ್ತು. 1830ರ ದಶಕದ್ದು. ಮೊದಲ ಕಂತಿನ ಹಾಳೆಗಳನ್ನು ಮಾಡಿಸಿದ್ದೂ ಕ್ಯೋಕಾ ಕವಿಗಳ ಗುಂಪೇ.

ಗುರುಲಘು:
ಮಾತ್ರೆ ಸರಿಯಾಗಿದೆ, ಪ್ರಾಸ ಸರಿಯಾಗಿದೆ. ‘ಕೆತ್ತಿದರು’ ಅಂದಿದ್ದು ಬಹಳ ಸರಿ. ಬರೆಯುವವನು ಒಬ್ಬ, ಕೆತ್ತುವವನು ಇನ್ನೊಬ್ಬ, ಒತ್ತುವವನು ಮತ್ತೊಬ್ಬ, ದುಡ್ಡು ಹಾಕುವ ಪ್ರಕಾಶಕ ಬೇರೆ. ಕಲಾವಿದ ತೆಳು ಕಾಗದದಲ್ಲಿ ಗೆರೆ ಬರೆದುಕೊಡುತ್ತಾನೆ. ಅದನ್ನು ಹಲಗೆಗೆ ಮಗುಚಿ ಅಂಟಿಸಿ, ಕಾಗದ ಸಮೇತ ಕೆತ್ತುತ್ತಾರೆ. ಹಾಗಾಗಿ ಹಿರೊಶಿಗೆಯ ಕೈಬರಹ ಆ ಕೆತ್ತನೆಯಲ್ಲೇ ಹೋಯಿತು, ಉಳಿದದ್ದು ಮರ. ಪೂರಣ ಓದಿದಾಗ ನನಗೆ ಅದೇ ನೆನಪಾಯಿತು.

ಒಂದೆಲಗ:
ನಾನು ಬೇರೆ ದಾರಿ ಹಿಡಿದೆ. ಝೆನ್ ಗುಡಿಗಳಲ್ಲಿ ಮಂತ್ರ ಹೇಳುವಾಗ ಬಡಿಯುವ ಮರದ ಮೀನು ಇರುತ್ತದಲ್ಲ, ಮೊಕುಗ್ಯೋ, ಅದು. ಮೀನು ಕಣ್ಣು ಮುಚ್ಚೋದಿಲ್ಲ, ಸನ್ಯಾಸಿಯೂ ತೂಕಡಿಸಬಾರದು ಅಂತ ಲೆಕ್ಕ.

ದಣಿವಿರದ ಕಣ್ಣೆಂದು ಗುಡಿಯೊಳಗೆ ಕೊರೆದಿಟ್ಟ
ಎಣೆಯಿರದ ಮರಮೀನ ಬಡಿದನಾ ಭಿಕ್ಷು
ಮಣಮಣಿಸಿ ಮಂತ್ರಗಳು ಹೊನಲಾಗಿ ಹರಿದಿರಲು
ಒಣಮರದೊಳೀಜಿದುದು ಮೀನುಗಳ ಹಿಂಡು

ತುಂಗಾತೀರ:
ಅಕ್ಕಾ, ಮೂರನೇ ಸಾಲು ಸೊಗಸು! ಮಂತ್ರವೇ ಹೊಳೆ ಆಯಿತು. ಆದ್ರೆ ಭಿಕ್ಷು ಬಡಿದದ್ದು ಒಂದು ಮೀನು. ಹಿಂಡು ಎಲ್ಲಿಂದ ಬಂತು?

ಒಂದೆಲಗ:
ಕೆಲವು ಮೊಕುಗ್ಯೋಗಳಲ್ಲಿ ಎರಡು ತಲೆ ಎದುರುಬದುರು ಕೆತ್ತಿರುತ್ತಾರೆ ತಮ್ಮಾ.

ತುಂಗಾತೀರ:
ಎರಡಾದ್ರೂ ಜೋಡಿ, ಹಿಂಡಲ್ಲ 😄

ಸಂಚಾಲಕ:
ಬೇಲಿಯನ್ನೂ ಹಾರಿದ್ದೀರಿ ಅಕ್ಕಾ, ಅಚ್ಚಿನ ಚಿತ್ರ ಎಲ್ಲೂ ಬರಲಿಲ್ಲ. ಪದ್ಯ ಚೆನ್ನಾಗಿದೆ, ಸ್ಪರ್ಧೆಯಿಂದ ಹೊರಗೆ ಇಟ್ಟು ಮೆಚ್ಚುತ್ತೇನೆ.

ಹೊಸಚಿಗುರು:
ನನ್ನ ಮೊದಲ ಪ್ರಯತ್ನ, ದಯವಿಟ್ಟು ತಿದ್ದಿ. ಕಲಾವಿದ ಉತಮರೋನ ಚಿಪ್ಪುಗಳ ಪುಸ್ತಕದ ಮೇಲೆ.

ಕಣಕಣದಿ ಚಿಪ್ಪುಗಳು ಹೊಳೆಹೊಳೆದು ನಗುತಿರಲು
ಮಣಿಯಂತೆ ಉತಮರೋ ಬರೆದ ಪುಸ್ತಕದಿ
ಕ್ಷಣಹೊತ್ತು ತೆರೆಹಿಂದೆ ಸರಿದಿತ್ತು ಕಡಲು
ಒಣಮರದೊಳೀಜಿದುದು ಮೀನುಗಳ ಹಿಂಡು

ಗುರುಲಘು:
ಬನ್ನಿ ಬನ್ನಿ. ಮೂರನೇ ಸಾಲು ಎಣಿಸಿ ನೋಡಿ: ಕ್ಷಣಹೊತ್ತು 5, ತೆರೆಹಿಂದೆ 5, ಸರಿದಿತ್ತು 5, ಕಡಲು 3. ಎರಡು ಮಾತ್ರೆ ಕಡಿಮೆ. ‘ಸರಿದಿತ್ತು ಕಡಲಾಗ’ ಅಂದರೆ ತುಂಬುತ್ತದೆ. ಎರಡನೇ ಸಾಲಲ್ಲಿ ‘ಬರೆದ ಪುಸ್’ ಗಣಕ್ಕೆ, ‘ತಕದಿ’ ಮುಂದಕ್ಕೆ. ಒಡೆದರೂ ಓಟ ಕೆಡಲಿಲ್ಲ, ಕಿವಿ ಚೆನ್ನಾಗಿದೆ ನಿಮ್ಮದು.

ಸಂಚಾಲಕ:
ಆ ಪುಸ್ತಕ 1789ರದ್ದು, ಪ್ರಕಾಶಕ ತ್ಸುತಾಯ ಜೂಜಬುರೋ. ಇಳಿತದ ಹೊತ್ತಲ್ಲಿ ಸಿಕ್ಕ ಚಿಪ್ಪುಗಳು, ಜೊತೆಗೆ 36 ಕವಿಗಳ ಪದ್ಯ. ಅಭ್ರಕದ ಪುಡಿ ಹಾಕಿದ್ದಾರೆ, ಹಾಗಾಗಿ ನಿಮ್ಮ ‘ಹೊಳೆಹೊಳೆದು’ ಬಾಯಿಮಾತಲ್ಲ. ಪುಟ ಓರೆ ಮಾಡಿದರೆ ನಿಜಕ್ಕೂ ಮಿನುಗುತ್ತದೆ. ಕಡಲು ಸರಿದ ಮೇಲೆ ಮೀನಿಗೆ ಮರವೇ ಗತಿ ಅನ್ನೋ ಭಾವ ಹಿಡಿಸಿತು. ಆದ್ರೆ ಚಿಪ್ಪಿನ ನಡುವೆ ಮೀನು ತುಸು ಹೇಳದೆ ಕೇಳದೆ ಬಂದ ಹಾಗಿದೆ.

ಕಡಲತಡಿ:
ನಾನು ಮೀನು ತಿನ್ನುವ ಕಡೆಯವಳು, ಆದ್ದರಿಂದ ಒಂದು ತಕರಾರು. ಹಿರೊಶಿಗೆಯ ಹಾಳೆಗಳಲ್ಲಿ ಈಜುವ ಮೀನು ಕಡಿಮೆ. ಆಯು ಮೀನು ಹೊಳೆಯಲ್ಲಿ ಹೋಗ್ತದೆ, ಕಾರ್ಪ್ ಮೀನು ನೀರಲ್ಲಿದೆ. ಉಳಿದದ್ದು ಹೆಚ್ಚಿನವು ಮಲಗಿದ್ದಾವೆ. ಅಡಿಗೆಮನೆಗೆ ಬಂದವು. ಕೆಂಪು ತಾಯ್ ಮೀನಿನ ಪಕ್ಕ ಸನ್ಶೋ ಅನ್ನೋ ಮಸಾಲೆ ಗಿಡದ ಚಿಗುರು, ಬೊರ ಮೀನಿನ ಜೊತೆ ಕಮೆಲಿಯಾ ಹೂವು, ಸಿಗಡಿಯ ಮೀಸೆ ಹಾಳೆಗೆ ಅಡ್ಡಡ್ಡ. ಕಣ್ಣು ನೋಡಿ, ಉಬ್ಬಿ ಹೊಳೀತಿದೆ. ಆವತ್ತಿನದೇ ಮೀನು, ಮಂಜುಗಡ್ಡೆ ಕಂಡದ್ದಲ್ಲ. ಚಿತ್ರದ ಹಿಂದೆ ಬಣ್ಣವೇ ಇಲ್ಲ, ಖಾಲಿ ಕಾಗದ, ಅಲ್ಲಿ ಪದ್ಯ. ಹಾಗಿರುವಾಗ ತುಂಗಾತೀರ ಅಣ್ಣ ನೀಲಿ ಬಳಿದು ಈಜಿಸಿದ್ದು ಎಲ್ಲಿ?

ತುಂಗಾತೀರ:
ಮೀನಿನ ಬೆನ್ನೇ ನೀಲಿ ಅಲ್ವಾ ತಂಗಿ!

ಕಡಲತಡಿ:
ಆಯ್ತು, ಬಿಟ್ಟೆ. ನನ್ನ ಪೂರಣ ಹೊಟ್ಟೆಯ ಕಡೆಯಿಂದ. ಎದೋದವರಿಗೆ ಬೇಸಿಗೆಯ ಮೊದಲ ಕತ್ಸುವೊ ಮೀನು ಅಂದ್ರೆ ಹುಚ್ಚು. ಹೆಂಡತಿಯನ್ನು ಅಡ ಇಟ್ಟಾದರೂ ಅದನ್ನು ತಿನ್ನಬೇಕು ಅಂತ ಗಾದೆಯೇ ಇದೆ. (ಹೆಂಡತಿಯ ಕಡೆಯ ಗಾದೆ ಯಾರೂ ಬರೆದಿಡಲಿಲ್ಲ.)

ಹಣವಿರದ ಬಡಕವಿಗೆ ಹೊಸಮೀನು ದೊರಕೀತೆ?
ಉಣಲಿಕ್ಕೆ ಗತಿಯಿಲ್ಲ, ಪಟವನ್ನೆ ಕೊಂಡ
ಕುಣಿವ ಹಸಿವಿಗೆ ಮರದ ಮುದ್ರೆಯನೆ ಬಡಿಸಿದನು
ಒಣಮರದೊಳೀಜಿದುದು ಮೀನುಗಳ ಹಿಂಡು

ಗುರುಲಘು:
‘ಕುಣಿವ ಹಸಿವಿಗೆ’... ಇದಕ್ಕೆ ಕ್ಯೋಕಾ ಕವಿಗಳೂ ಚಪ್ಪಾಳೆ ಹೊಡೀತಿದ್ದರು. ಮೂರನೇ ಸಾಲಲ್ಲಿ ಪದ ಒಂದು ಕಡೆ, ಗಣ ಇನ್ನೊಂದು ಕಡೆ ಮುರಿಯುತ್ತದೆ. ಆದರೂ ಹಸಿವು ಕುಣಿದ ಹಾಗೇ ಕೇಳುತ್ತದೆ, ತಿದ್ದಬೇಡಿ.

ಒಂದೆಲಗ:
ಸೋತು ಸುಮ್ಮನಾಗುವವಳಲ್ಲ ನಾನು. ಈ ಸಲ ಬೇಲಿಯ ಒಳಗೇ ಇದ್ದೇನೆ.

ಇಣುಕಿದವು ಮರದೆಳೆಯ ಸುಳಿಗಳೇ ಹಾಳೆಯಲಿ
ಅಣಿಯಾಯ್ತು ನೀರಲೆಯು ಕುಂಚವೇ ಇರದೆ
ಹೆಣವೆಂದ ಮೀನ್ಗಳಿಗೆ ಸಿಕ್ಕಿತೈ ಹೊಸಬಾಳು
ಒಣಮರದೊಳೀಜಿದುದು ಮೀನುಗಳ ಹಿಂಡು

ಇದು ಮುದ್ರಕರ ಕೈಚಳಕದ್ದು. ಹಲಗೆಯ ಎಳೆ ಚೆನ್ನಾಗಿ ಎದ್ದು ಕಾಣುವ ಮರ ಆರಿಸುತ್ತಾರೆ. ಮೇಲ್ಮೈ ಉಜ್ಜಿ ಎಳೆಯನ್ನು ಇನ್ನೂ ಎಬ್ಬಿಸುತ್ತಾರೆ. ಬಣ್ಣ ಹಚ್ಚಿ, ಕಾಗದ ಹಾಸಿ, ಬಿದಿರ ಹಾಳೆ ಸುತ್ತಿದ ಬರೆನ್ ಅನ್ನೋ ಬಿಲ್ಲೆಯಿಂದ ತಿಕ್ಕಿದರೆ ಮರದ ಎಳೆಯೇ ನೀರಿನ ಅಲೆ. ಯಾರೂ ಬರೆಯಲಿಲ್ಲ. ಮರ ತಾನು ಬೆಳೆದ ವರ್ಷಗಳನ್ನೇ ಒತ್ತಿ ಕೊಟ್ಟಿತು.

ಕಡಲತಡಿ:
ಹಿರೊಶಿಗೆಯ ಮೀನಿನ ಹಿಂದೆ ಖಾಲಿ ಕಾಗದ ಅಂತ ಈಗಷ್ಟೇ ಹೇಳಿದೆನಲ್ಲ ಅಕ್ಕಾ?

ಒಂದೆಲಗ:
ಹಿರೊಶಿಗೆಯ ಹಾಳೆ ಅಂತ ನಾನೆಲ್ಲಿ ಹೇಳಿದೆ? ನನ್ನದು ನನ್ನ ಮನಸ್ಸಿನ ಹಾಳೆ. ಮೀನು ಅವನದು, ನೀರು ನಂದು.

ಸಂಚಾಲಕ:
ಇಲ್ಲಿಗೆ ಸಾಕು, ತೀರ್ಪು ಹೇಳಿಬಿಡುತ್ತೇನೆ. ಒಂದೆಲಗ ಅಕ್ಕನ ಎರಡನೇ ಪದ್ಯಕ್ಕೆ ಮೊದಲ ಸ್ಥಾನ. ಉಳಿದವರು ಮರಕ್ಕೂ ಮೀನಿಗೂ ಹೇಗಾದರೂ ಗಂಟು ಹಾಕಿದರು. ಇಲ್ಲಿ ಒಣಮರ ಇಲ್ಲದಿದ್ದರೆ ನೀರೇ ಇಲ್ಲ. ಸಾಲಿನ ಅಸಂಬದ್ಧ ಅಕ್ಷರಶಃ ನಿಜ ಆಯಿತು, ಸಮಸ್ಯಾಪೂರಣದಲ್ಲಿ ನನಗೆ ಬೇಕಾದ್ದು ಅದೇ. ‘ಹೆಣ’ ಸ್ವಲ್ಪ ಒರಟು, ಆದ್ರೆ ಪ್ರಾಸಕ್ಕೆ ಮಾತ್ರ ತಂದದ್ದಲ್ಲ, ಕೆಲಸ ಮಾಡುತ್ತಿದೆ. ಕಡಲತಡಿಯವರ ಹಸಿವು ಎರಡನೇದು. ನಗಿಸಿದ್ದಕ್ಕೆ ಬೇರೆ ಅಂಕ ಇದ್ದಿದ್ದರೆ ಅವರೇ ಮೊದಲು.

ಮುಂದಿನ ವಾರಕ್ಕೂ ಬೇಲಿ ಇದೇ ಇರಲಿ. ಸುರಿಮೋನೋಗಳಲ್ಲಿ ಬಣ್ಣವೇ ಹಚ್ಚದ ಹಲಗೆಯ ಮೇಲೆ ಕಾಗದ ಒತ್ತಿ ಉಬ್ಬು ಮೂಡಿಸುತ್ತಿದ್ದರು, ಕರಜುರಿ ಅಂತ. ಬಿಳಿ ಹೂವಿನ ಎಸಳು, ಬಟ್ಟೆಯ ನೇಯ್ಗೆ, ಹಿಮ, ಎಲ್ಲಕ್ಕೂ ಇದೇ ಉಪಾಯ. ನೇರ ನೋಡಿದರೆ ಏನೂ ಇಲ್ಲ, ಬೆಳಕು ಪಕ್ಕದಿಂದ ಬಿದ್ದರೆ ಉಂಟು. ಪ್ರಾಸ ‘ರ’, ಹಿಂದೆ ಲಘು, ಛಂದಸ್ಸು ಅದೇ. ಇದನ್ನು ಬಿಡಿಸಿ:

ಬರೆಯದೆಯೆ ಮೂಡಿದುದು ಬೆಳ್ಳಗಿನ ಹೂವು