ತಂದೆಯವರ ಹಳೆಯ ವಿಚ್ಛೇದನದ ಡಿಕ್ರಿ ಪಡೆಯುವುದು ಹೇಗೆ? ಶಿವಮೊಗ್ಗ ಜಿಲ್ಲೆಯವರ ಅನುಭವಗಳು

ಹೊಸನಗರ ತಾಲ್ಲೂಕಿನಿಂದ ಬಂದ ಕೋರಿಕೆ

ಎಲ್ಲರಿಗೂ ನಮಸ್ಕಾರ. ರಾಜ್ಯ ಸರ್ಕಾರಿ ನೌಕರರಾಗಿದ್ದ ನನ್ನ ತಂದೆಯವರು ಕಳೆದ ವರ್ಷ ತೀರಿಕೊಂಡರು. ಅಮ್ಮನನ್ನು 1997ರಲ್ಲಿ ಮದುವೆಯಾಗುವ ಮೊದಲು ಅವರಿಗೆ ಒಂದು ಮದುವೆಯಾಗಿತ್ತು. ಅದು 1993 ಅಥವಾ 1994ರಲ್ಲಿ ಕೋರ್ಟಿನಲ್ಲಿ ರದ್ದಾಗಿತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಈಗ ಅಮ್ಮನ ಕುಟುಂಬ ಪಿಂಚಣಿಯ ಅರ್ಜಿಗೆ, ಮೊದಲನೆಯ ವಿವಾಹ ವಿಚ್ಛೇದನವಾದ ಬಗ್ಗೆ ನ್ಯಾಯಾಲಯದ ದೃಢೀಕೃತ ನಕಲನ್ನು ಹಾಜರುಪಡಿಸಬೇಕೆಂದು ಹಿಂಬರಹ ಕೊಟ್ಟಿದ್ದಾರೆ. ಅಪ್ಪನ ಕಾಗದಪತ್ರಗಳೆಲ್ಲ ಅಟ್ಟದ ಮೇಲಿನ ಟ್ರಂಕಿನಲ್ಲಿದ್ದವು. ಹೆಂಚು ಸರಿದು ಎರಡು ಮಳೆಗಾಲದ ನೀರು ಅದರೊಳಗೆ ಇಳಿದಿತ್ತು. ನಾವು ಮುಚ್ಚಳ ತೆಗೆದಾಗ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಬಿಡಿಸಲು ಹೋದರೆ ಕೈಯಲ್ಲೇ ಪುಡಿಯಾದವು. ಕೇಸಿನ ನಂಬರ್ ನಮ್ಮಲ್ಲಿಲ್ಲ, ಯಾವ ಊರಿನ ಕೋರ್ಟ್ ಎಂಬುದು ಖಚಿತವಿಲ್ಲ, ವಕೀಲರು ಯಾರೆಂದು ಅಮ್ಮನಿಗೂ ನೆನಪಿಲ್ಲ. ಮೊದಲ ಪತ್ನಿಯವರ ತವರು ತೀರ್ಥಹಳ್ಳಿ ಕಡೆ. ಅಪ್ಪ ಆಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದರು. ಇಂಥ ಹಳೆಯ ದಾಖಲೆಯನ್ನು ಹುಡುಕಿ ಪಡೆದವರು ಎಲ್ಲಿಂದ ಶುರುಮಾಡಬೇಕೆಂದು ದಯವಿಟ್ಟು ತಿಳಿಸಿ.

ಸಾಗರದಿಂದ, ನ್ಯಾಯಾಲಯದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು

ತಂಗಿ, ಮೊದಲು ಊರು, ಆಮೇಲೆ ವರ್ಷ, ಆಮೇಲೆ ನಂಬರ್. ಈ ಕ್ರಮ ಬಿಟ್ಟು ನೇರವಾಗಿ ನಕಲು ಶಾಖೆಯ ಮುಂದೆ ನಿಂತರೆ, ಅಲ್ಲಿಯ ಸಿಬ್ಬಂದಿಗೆ ಮನಸ್ಸಿದ್ದರೂ ನಿಮಗೆ ಸಹಾಯ ಮಾಡಲು ಆಗುವುದಿಲ್ಲ, ಏಕೆಂದರೆ ದಾಖಲೆ ಕೊಠಡಿಯಲ್ಲಿ ಕಡತಗಳನ್ನು ಕಟ್ಟಿಟ್ಟಿರುವುದು ನಂಬರಿನ ಮೇಲೆಯೇ ಹೊರತು ಹೆಸರಿನ ಮೇಲಲ್ಲ.

ಊರು ಯಾವುದೆಂದು ಊಹಿಸಲು ಹಿಂದೂ ವಿವಾಹ ಕಾಯ್ದೆಯ 19ನೇ ಕಲಮು ನೆರವಾಗುತ್ತದೆ. ಹೆಂಡತಿಯು ತಾನು ವಾಸವಿರುವ ಊರಿನಲ್ಲಿಯೇ ಅರ್ಜಿ ಹಾಕಬಹುದು ಎಂಬ ಅನುಕೂಲ ಆ ಕಾಯ್ದೆಗೆ ಸೇರಿದ್ದು 2003ರಲ್ಲಿ. ಅದಕ್ಕೆ ಮೊದಲು ಸಾಮಾನ್ಯವಾಗಿ ಮೂರೇ ದಾರಿ: ಮದುವೆ ನಡೆದ ಸ್ಥಳ, ಎದುರುದಾರರು ವಾಸವಿರುವ ಸ್ಥಳ, ಇಲ್ಲವೇ ಗಂಡ ಹೆಂಡತಿ ಕೊನೆಯದಾಗಿ ಒಟ್ಟಿಗೆ ಬಾಳಿದ ಸ್ಥಳ. ಆಗೆಲ್ಲ ನಮ್ಮ ಕಡೆ ಮದುವೆಗಳು ಹೆಚ್ಚಾಗಿ ಹೆಣ್ಣಿನ ಮನೆಯ ಚಪ್ಪರದಲ್ಲಿಯೇ ನಡೆಯುತ್ತಿದ್ದವು. ಹಾಗಾಗಿ ನಿಮ್ಮ ತಂದೆಯವರೇ ಅರ್ಜಿದಾರರಾಗಿದ್ದರೆ ತೀರ್ಥಹಳ್ಳಿ ಸೀಮೆಯ ಅಧಿಕಾರವ್ಯಾಪ್ತಿ ಇದ್ದ ಕೋರ್ಟನ್ನೂ, ದಂಪತಿ ಶಿವಮೊಗ್ಗದಲ್ಲಿ ಸಂಸಾರ ಹೂಡಿದ್ದರೆ ಶಿವಮೊಗ್ಗವನ್ನೂ ನೋಡಬೇಕು. ನೀವು ಈಗಿರುವ ಹೊಸನಗರವನ್ನು ಕೊನೆಗಿಟ್ಟುಕೊಳ್ಳಿ.

ಇನ್ನೊಂದು ಮಾತು. ತಾಲ್ಲೂಕಿನಲ್ಲಿ ಮುನ್ಸಿಫ್ ಕೋರ್ಟ್ ಇತ್ತು ಎಂಬ ಕಾರಣಕ್ಕೆ ಕಡತವೂ ಅಲ್ಲಿಯೇ ಇರಬೇಕೆಂದು ಭಾವಿಸಬೇಡಿ. ಮುನ್ಸಿಫ್ ಕೋರ್ಟ್ ಎಂದರೆ ಈಗಿನ ಕಿರಿಯ ವಿಭಾಗದ ಸಿವಿಲ್ ನ್ಯಾಯಾಲಯ. ವಿಚ್ಛೇದನದ ಅರ್ಜಿಗಳು ಅದಕ್ಕಿಂತ ಮೇಲಿನ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತಿದ್ದವು; ಕೌಟುಂಬಿಕ ನ್ಯಾಯಾಲಯ ಶಿವಮೊಗ್ಗಕ್ಕೆ ಬಂದದ್ದು ಬಹಳ ಈಚೆಗೆ. ಆದ್ದರಿಂದ "ಆ ವರ್ಷಗಳಲ್ಲಿ ನಮ್ಮ ಹೋಬಳಿಯ ವಿವಾಹ ಪ್ರಕರಣಗಳು ಯಾವ ಕೋರ್ಟಿಗೆ ಸೇರಿದ್ದವು, ಆ ಕೋರ್ಟಿನ ಹಳೆಯ ಕಡತಗಳು ಈಗ ಎಲ್ಲಿವೆ" ಎಂದೇ ಶಿರಸ್ತೇದಾರರನ್ನು ಕೇಳಿ. ಇದನ್ನು ಓದುತ್ತಿರುವ ಹೊನ್ನಾಳಿ, ಚನ್ನಗಿರಿಯವರೂ ಗಮನಿಸಬೇಕು: ಆ ತಾಲ್ಲೂಕುಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರುವವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅದಕ್ಕಿಂತ ಹಳೆಯ ಪ್ರಕರಣವಾದರೆ ಎರಡೂ ಕಡೆ ವಿಚಾರಿಸಬೇಕಾಗುತ್ತದೆ.

ವರ್ಷದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ವಿವಾಹ ಪ್ರಕರಣಕ್ಕೆ ನಮ್ಮ ರಾಜ್ಯದಲ್ಲಿ ಎಂ.ಸಿ. ಎಂಬ ಗುರುತಿನೊಡನೆ ನಂಬರ್ ಕೊಡುತ್ತಾರೆ, ಅದರ ಮುಂದಿರುವ ವರ್ಷ ಅರ್ಜಿ ದಾಖಲಾದ ವರ್ಷ. ಡಿಕ್ರಿ ಆದ ವರ್ಷ ಬೇರೆ. 1994ರಲ್ಲಿ ಡಿಕ್ರಿಯಾದ ಪ್ರಕರಣದ ನಂಬರ್ 1991ರದ್ದಾಗಿರಬಹುದು. ಇಬ್ಬರೂ ಒಪ್ಪಿ ಹಾಕಿದ ಅರ್ಜಿಗೂ ಆಗ ಕನಿಷ್ಠ 6 ತಿಂಗಳು ಕಾಯಲೇಬೇಕಿತ್ತು, ಹಾಗಾಗಿ ಅದೂ ಹಿಂದಿನ ವರ್ಷದ ಪುಸ್ತಕದಲ್ಲಿರುವ ಸಾಧ್ಯತೆ ಉಂಟು. ನೀವು 1990ರಿಂದ 1994ರವರೆಗಿನ ಎಂ.ಸಿ. ರಿಜಿಸ್ಟರ್‌ಗಳನ್ನು ನೋಡಲು ಲಿಖಿತ ಅರ್ಜಿ ಕೊಡಿ. ಆ ಪುಸ್ತಕದಲ್ಲಿ ಒಂದೊಂದು ಪ್ರಕರಣಕ್ಕೂ ಉಭಯ ಪಕ್ಷದವರ ಹೆಸರು, ಊರು, ದಾಖಲಾದ ದಿನ, ತೀರ್ಮಾನವಾದ ದಿನ, ಫಲಿತಾಂಶ ಬರೆದಿರುತ್ತದೆ. ಪ್ರಕರಣವನ್ನು ಮಧ್ಯದಲ್ಲಿ ಇನ್ನೊಂದು ಕೋರ್ಟಿಗೆ ವರ್ಗಾಯಿಸಿದ್ದರೆ ಆ ಸಂಗತಿಯೂ ಅಲ್ಲೇ ಸಿಗುತ್ತದೆ. ವರ್ಗವಾದ ಕೋರ್ಟಿನಲ್ಲಿ ಹೊಸ ನಂಬರ್ ಬಿದ್ದಿರುತ್ತದೆ ಎಂಬುದನ್ನು ಮರೆಯಬೇಡಿ.

ಮೂವತ್ತು ವರ್ಷದ ಹಿಂದಿನ ಕಡತ ಇನ್ನೂ ಇದೆಯೇ ಎಂಬ ಭಯ ಸಹಜ. ಕಡತದ ಎಲ್ಲ ಹಾಳೆಗೂ ಒಂದೇ ಆಯುಷ್ಯವಿಲ್ಲ: ಸಮನ್ಸು, ವಾಯಿದೆ ಅರ್ಜಿ ಮುಂತಾದವನ್ನು ಅವಧಿ ಮುಗಿದ ಮೇಲೆ ನಾಶಮಾಡುತ್ತಾರೆ, ತೀರ್ಪು ಮತ್ತು ಡಿಕ್ರಿಯನ್ನು ಅವುಗಳಿಗಿಂತ ಬಹುಕಾಲ ಕಾಪಾಡುತ್ತಾರೆ. ಒಂದು ವೇಳೆ ಕಡತವೇ ಸಿಗದಿದ್ದರೆ ರಿಜಿಸ್ಟರಿನ ಆ ಸಾಲಿನ ದೃಢೀಕೃತ ಉತಾರವನ್ನೂ, ಕಡತ ಲಭ್ಯವಿಲ್ಲವೆಂಬ ಹಿಂಬರಹವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ "ಇಲ್ಲ" ಎಂಬ ಉತ್ತರ ಪಡೆದು ಮನೆಗೆ ಹೋಗಬೇಡಿ. ಅಂಥ ಉತ್ತರ ನಂಬಿ ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ಬೇರೆ ಕಟ್ಟಿನಲ್ಲಿ ಕಡತ ಸಿಕ್ಕಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತೀರ್ಥಹಳ್ಳಿಯಿಂದ, ತಮ್ಮದೇ ಡಿಕ್ರಿಯ ನಕಲು ಪಡೆದವರು

ನನ್ನ ಪ್ರಕರಣ 2011ರದ್ದು, ನಿಮ್ಮದಕ್ಕಿಂತ ಸುಲಭದ್ದು. ಆದರೂ ನಾನು ಮೂರು ಸಲ ಬಸ್ಸು ಹತ್ತಿದ್ದು ಒಂದೇ ತಪ್ಪಿನಿಂದ, ಆ ತಪ್ಪು ನಿಮಗೆ ಆಗದಿರಲಿ ಎಂದು ಬರೆಯುತ್ತಿದ್ದೇನೆ.

ಅರ್ಜಿಯಲ್ಲಿ ನಾನು "ವಿಚ್ಛೇದನದ ಆದೇಶದ ನಕಲು" ಎಂದಷ್ಟೇ ಬರೆದಿದ್ದೆ. ನನಗೆ ಸಿಕ್ಕಿದ್ದು ಹನ್ನೊಂದು ಪುಟದ ತೀರ್ಪು. ನನ್ನ ಎರಡನೆಯ ಮದುವೆಯ ನೋಂದಣಿಗೆ ಅದನ್ನು ಒಯ್ದಾಗ ಡಿಕ್ರಿ ಎಲ್ಲಿ ಎಂದು ಕೇಳಿದರು. ತೀರ್ಪಿನಲ್ಲಿ ನ್ಯಾಯಾಧೀಶರು ಕಾರಣಗಳನ್ನು ವಿವರಿಸಿರುತ್ತಾರೆ. ಡಿಕ್ರಿ ಎಂದರೆ ಅದರ ಅಂತಿಮ ಫಲವನ್ನಷ್ಟೇ ಹೇಳುವ ಬೇರೆ ಕಾಗದ, ಅದರಲ್ಲಿ ಇಂಥ ದಿನ ನಡೆದ ವಿವಾಹ ರದ್ದಾಗಿದೆ ಎಂದು ನೇರವಾಗಿ ಬರೆದಿರುತ್ತದೆ. ಅರ್ಜಿಯಲ್ಲಿ "ತೀರ್ಪು ಮತ್ತು ಡಿಕ್ರಿ" ಎಂದು ಎರಡನ್ನೂ ಹೆಸರಿಸಿ ಬರೆಯಿರಿ. ನಕಲು ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಪ್ರತಿ ಪುಟದ ಮೊಹರು, ಕೊನೆಯ ಪುಟದ ಸಹಿ, ಹೆಸರಿನ ಕಾಗುಣಿತ ನೋಡಿಕೊಳ್ಳಿ. ನನ್ನ ಡಿಕ್ರಿಯಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಅದು ನಕಲು ಮಾಡುವಾಗ ಆದ ತಪ್ಪೋ ಮೂಲದಲ್ಲೇ ಇದ್ದ ತಪ್ಪೋ ಎಂದು ಆ ಕ್ಷಣವೇ ನೋಡಿಸಿದ್ದರಿಂದ ಅಂದೇ ಸರಿಯಾಯಿತು.

ಕಾಯ್ದೆಯ 23ನೇ ಕಲಮಿನ ಪ್ರಕಾರ ವಿಚ್ಛೇದನವಾದಾಗ ಎರಡೂ ಪಕ್ಷದವರಿಗೆ ಡಿಕ್ರಿಯ ಒಂದೊಂದು ನಕಲನ್ನು ಉಚಿತವಾಗಿ ಕೊಡಬೇಕು. ಅಂದರೆ ಒಂದು ನಕಲು ನಿಮ್ಮ ತಂದೆಯವರ ಮೊದಲ ಪತ್ನಿಯಾಗಿದ್ದ ಆ ತಾಯಿಯವರ ಬಳಿಯೂ ಇರಬಹುದು. ಅವರ ಮನೆಯವರಿಗೆ ನೀವೇ ಫೋನ್ ಮಾಡುವುದಕ್ಕಿಂತ ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರ ಮೂಲಕ ವಿಚಾರಿಸಿ, ಕೇಸಿನ ನಂಬರ್ ಒಂದನ್ನು ಮಾತ್ರ ಕೇಳಿ. ಅವರು ಈಗ ಬೇರೆ ಬದುಕು ಕಟ್ಟಿಕೊಂಡಿರಬಹುದು. ಹಳೆಯ ಮಾತು ಅವರ ಹೊಸ್ತಿಲಿಗೆ ದಿಢೀರನೆ ಹೋಗಿ ನಿಲ್ಲಬಾರದು. ಆ ಸ್ಥಾನದಲ್ಲಿ ನಾನೂ ಇದ್ದವಳಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. "ವಿಲೇವಾರಿಯಾದವು" ಎಂಬುದನ್ನು ಆರಿಸಲು ಮರೆಯಬೇಡಿ. ಇಂಗ್ಲಿಷ್ ಕಾಗುಣಿತ ನಾಲ್ಕು ಬಗೆಯಲ್ಲಿರುತ್ತದೆಯಾದ್ದರಿಂದ ಪೂರ್ತಿ ಹೆಸರಿನ ಬದಲು ಮೊದಲ ಮೂರು ನಾಲ್ಕು ಅಕ್ಷರ ಹಾಕಿ. ಆದರೆ ಗಣಕೀಕರಣಕ್ಕೆ ಮುಂಚೆಯೇ ಮುಗಿದ ಪ್ರಕರಣಗಳು ಅಲ್ಲಿ ಸಿಗುವುದು ಅಪರೂಪ. ನಿಮ್ಮದು ಅಲ್ಲಿ ಕಾಣಿಸದಿದ್ದರೆ ಪ್ರಕರಣವೇ ಇರಲಿಲ್ಲ ಎಂದು ಎದೆಗುಂದಬೇಡಿ.

ಶಿವಮೊಗ್ಗದಿಂದ, ವೃತ್ತಿನಿರತ ವಕೀಲರು

ಮೇಲಿನವರಿಬ್ಬರೂ ಹೇಳಿದ್ದು ಸರಿಯಾಗಿದೆ. ನಿಮ್ಮ ತಾಯಿಯವರು ಆ ಪ್ರಕರಣದ ಪಕ್ಷಗಾರರಲ್ಲ ಎಂಬ ಅಂಶವನ್ನು ಮಾತ್ರ ಸೇರಿಸಬೇಕಾಗಿದೆ. ಪಕ್ಷಗಾರರು ಕೇಳಿದರೆ ನಕಲು ಹಕ್ಕಿನಿಂದ ಸಿಗುತ್ತದೆ. ಹೊರಗಿನವರು ಕೇಳಿದಾಗ ಏಕೆ ಬೇಕೆಂಬುದನ್ನು ಪ್ರಮಾಣಪತ್ರದಲ್ಲಿ (ಅಫಿಡವಿಟ್) ತಿಳಿಸಿ ನ್ಯಾಯಾಧೀಶರ ಅನುಮತಿ ಪಡೆಯಬೇಕು. ವಿವಾಹ ಪ್ರಕರಣಗಳ ವಿಚಾರಣೆ ಗೋಪ್ಯವಾಗಿ ನಡೆಯಬೇಕು, ವಿವರಗಳನ್ನು ಪ್ರಕಟಿಸಬಾರದು ಎಂದು 22ನೇ ಕಲಮು ಹೇಳುವುದರಿಂದ ಇಲ್ಲಿ ಈ ಎಚ್ಚರ ಇನ್ನಷ್ಟು ಹೆಚ್ಚು, ಮತ್ತು ಹಾಗಿರುವುದು ನ್ಯಾಯವೂ ಹೌದು.

ತಾಯಿಯವರ ಹೆಸರಿನಲ್ಲಿಯೇ ಅರ್ಜಿ ಹಾಕಿಸಿ. ತಂದೆಯವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ತಾಯಿಯವರ ವಿವಾಹ ಮತ್ತು ಗುರುತಿನ ದಾಖಲೆ, ಎಲ್ಲಕ್ಕಿಂತ ಮುಖ್ಯವಾಗಿ ಆ ಪಿಂಚಣಿ ಹಿಂಬರಹದ ಪ್ರತಿ ಲಗತ್ತಿಸಿ. ಕಡತ ಪೂರ್ತಿ ಕೇಳಬೇಡಿ. ಸಾಕ್ಷಿ ಹೇಳಿಕೆಗಳಲ್ಲಿ ಇಬ್ಬರು ಮನುಷ್ಯರು ತಮ್ಮ ಅತ್ಯಂತ ಕಷ್ಟದ ದಿನಗಳಲ್ಲಿ ಆಡಿದ ಮಾತುಗಳಿರುತ್ತವೆ, ಪಿಂಚಣಿಗೆ ಅದರ ಅಗತ್ಯವಿಲ್ಲ. ಡಿಕ್ರಿ ಮುಖ್ಯ, ಜೊತೆಗೆ ತೀರ್ಪು ಸಾಕು. ಕೋರಿಕೆ ಚಿಕ್ಕದಾಗಿದ್ದಷ್ಟೂ ಅನುಮತಿ ಸುಲಭ.

ಮಾಹಿತಿ ಹಕ್ಕಿನಲ್ಲಿ ಕೇಳಿ ಎಂದು ಯಾರಾದರೂ ಹೇಳಿದರೆ ಆ ದಾರಿ ಬೇಡ. ನ್ಯಾಯಾಲಯದ ಕಡತದ ನಕಲನ್ನು ನ್ಯಾಯಾಲಯದ ನಿಯಮಗಳ ಮೂಲಕವೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ 2020ರಲ್ಲಿಯೇ ಸ್ಪಷ್ಟಪಡಿಸಿದೆ. ಹಳೆಯ ಮಾದರಿ ಅರ್ಜಿಗಳಲ್ಲಿ, ದೃಢೀಕೃತ ನಕಲುಗಳಿಗೆ ಸಂಬಂಧಿಸಿದ ಸಾಕ್ಷ್ಯ ಅಧಿನಿಯಮದ 76ನೇ ಕಲಮು ಎಂದಿರುತ್ತದೆ. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಮು ಬಂದಿದೆ.

ನಕಲು ಸಿಕ್ಕ ಮೇಲೆ ಡಿಕ್ರಿಯ ದಿನಾಂಕ ನೋಡಿ. ಮೇಲ್ಮನವಿಯ ಅವಧಿ ಕಳೆದ ಮೇಲೆಯೇ ಮರುಮದುವೆ ಎಂಬುದು 15ನೇ ಕಲಮಿನ ನಿಯಮ. ಆ ಕಾಲದಲ್ಲಿ ಕಾಯ್ದೆಯಲ್ಲಿದ್ದ ಅವಧಿ 30 ದಿನ. ನೀವು ಹೇಳಿದ ವರ್ಷಗಳು ಸರಿಯಿದ್ದರೆ, ಮೇಲ್ಮನವಿ ಯಾವುದೂ ಆಗಿರದಿದ್ದರೆ, ತಾಯಿಯವರ ಮದುವೆಗೆ ಅದರಿಂದ ತೊಡಕಿಲ್ಲ. ವಕೀಲರ ಶುಲ್ಕ ಹೊರೆಯಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಭದ್ರಾವತಿಯಿಂದ, ನಿವೃತ್ತ ಕಚೇರಿ ಅಧೀಕ್ಷಕರು

ಕೋರ್ಟಿಗೆ ಹೋಗುವ ಮೊದಲು ನಿಮ್ಮ ತಂದೆಯವರು ಕೆಲಸ ಮಾಡಿದ ಇಲಾಖೆಗೆ ಹೋಗಿರಮ್ಮ. 1966ರ ನಡತೆ ನಿಯಮಗಳ ಕಾಲದಲ್ಲಿ, ಮೊದಲ ಪತ್ನಿ ಬದುಕಿದ್ದು ಆ ಮದುವೆ ಊರ್ಜಿತವಿರುವಾಗ ಸರ್ಕಾರಿ ನೌಕರ ಅನುಮತಿಯಿಲ್ಲದೆ ಮತ್ತೊಂದು ಮದುವೆಯಾಗುವಂತಿರಲಿಲ್ಲ. ಆದ್ದರಿಂದ ಎಚ್ಚರವುಳ್ಳ ನೌಕರರು ಡಿಕ್ರಿಯ ಪ್ರತಿಯನ್ನು ಕಚೇರಿಗೆ ಒಪ್ಪಿಸಿ ಸ್ವೀಕೃತಿ ಪಡೆಯುತ್ತಿದ್ದರು. ಸೇವಾ ಪುಸ್ತಕ, ವೈಯಕ್ತಿಕ ಕಡತ, ಕೆ.ಜಿ.ಐ.ಡಿ. (ರಾಜ್ಯ ಸರ್ಕಾರಿ ವಿಮಾ ಇಲಾಖೆ) ಪಾಲಿಸಿಯ ನಾಮನಿರ್ದೇಶನ, ಈ ಮೂರನ್ನೂ ನೋಡಲು ತಾಯಿಯವರಿಂದ ಅರ್ಜಿ ಕೊಡಿಸಿ. ಮೊದಲ ಪತ್ನಿಯ ಹೆಸರು ತೆಗೆದು ಬೇರೆ ಹೆಸರು ಸೇರಿಸುವಾಗ ಕಾರಣ ಬರೆಯಲೇಬೇಕಿತ್ತು. ಎಷ್ಟೋ ಸಲ ಕೇಸಿನ ನಂಬರೂ ಅಲ್ಲೇ ಇರುತ್ತದೆ. ನನ್ನ ಕೈಯಲ್ಲಿ ಹಾದುಹೋದ ಕಡತಗಳಲ್ಲಿ ಇದನ್ನು ನೋಡಿದ್ದೇನೆ.

ಸೊರಬದಿಂದ ಒಬ್ಬರು

ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಒಂದು ವರ್ಷ ಕೋರ್ಟಿನ ಪುಸ್ತಕ ಹುಡುಕಿಸಿದ ಮೇಲೆ ತಿಳಿದದ್ದೇನೆಂದರೆ, ಅದು ಕೋರ್ಟಿಗೆ ಹೋಗಿಯೇ ಇರಲಿಲ್ಲ. ಊರ ಹಿರಿಯರ ಮುಂದೆ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆಸಿಕೊಂಡಿದ್ದರು. ಜಾತಿಯ ರೂಢಿಯಲ್ಲಿ ಅಂಥ ಬಿಡುಗಡೆ ಇದ್ದರೆ ಕಾಯ್ದೆಯ 29ನೇ ಕಲಮು ಅದನ್ನು ಉಳಿಸಿಕೊಂಡಿದೆ, ಆದರೆ ರೂಢಿಯನ್ನು ರುಜುವಾತು ಮಾಡುವ ಹೊಣೆ ನಮ್ಮದೇ, ಅದಕ್ಕೆ ಘೋಷಣಾ ದಾವೆ ಹಾಕಬೇಕಾಯಿತು. ನಿಮ್ಮ ಮನೆಯ ಹಿರಿಯರಲ್ಲಿ "ಕೋರ್ಟ್" ಎಂದದ್ದು ನಿಜವಾಗಿ ಕೋರ್ಟೇ ಎಂದು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಕೋರಿಕೆ ಸಲ್ಲಿಸಿದವರಿಂದ, ಏಳು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಭದ್ರಾವತಿಯ ಹಿರಿಯರು ಹೇಳಿದಂತೆ ಮೊದಲು ಅಪ್ಪನ ಇಲಾಖೆಗೆ ಹೋದೆವು. ಸೇವಾ ಪುಸ್ತಕದಲ್ಲಿ ಏನೂ ಇರಲಿಲ್ಲ, ಆದರೆ ನಾಮನಿರ್ದೇಶನ ಬದಲಿಸುವಂತೆ ಅಪ್ಪ ತಮ್ಮ ಕೈಬರಹದಲ್ಲೇ ಕೊಟ್ಟಿದ್ದ ಅರ್ಜಿಯೊಂದು ವೈಯಕ್ತಿಕ ಕಡತದಲ್ಲಿ ಸಿಕ್ಕಿತು. ಅದರಲ್ಲಿ ಶಿವಮೊಗ್ಗದ ನ್ಯಾಯಾಲಯ ಎಂದೂ, ಡಿಕ್ರಿಯಾದ ದಿನಾಂಕವೂ ಇತ್ತು, ನಂಬರಿನ ಜಾಗ ಖಾಲಿ ಇತ್ತು. ಸಾಗರದವರ ಮಾತು ನೆನಪಿಟ್ಟುಕೊಂಡು ಎರಡು ವರ್ಷ ಹಿಂದಿನಿಂದಲೇ ರಿಜಿಸ್ಟರ್ ನೋಡಲು ಅರ್ಜಿ ಕೊಟ್ಟೆವು. ಕಂದು ಬಟ್ಟೆಯ ರಟ್ಟಿನ ದಪ್ಪ ಪುಸ್ತಕ. ಅಂಚು ಸವೆದಿದ್ದರೂ ಶಾಯಿ ಮಾಸಿರಲಿಲ್ಲ. 1992ರ ಪುಸ್ತಕದಲ್ಲಿ ಅಪ್ಪನ ಹೆಸರು, ನಮ್ಮ ಊರಿನ ಹೆಸರು, ಕೊನೆಯ ಅಂಕಣದಲ್ಲಿ "ಡಿಕ್ರಿ" ಎಂಬ ಒಂದೇ ಪದ. ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು.

ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ. ವಕೀಲರು ಹೇಳಿದ ದಾಖಲೆಗಳೊಂದಿಗೆ ಪ್ರಮಾಣಪತ್ರ ಸಲ್ಲಿಸಿ, ತೀರ್ಪು ಮತ್ತು ಡಿಕ್ರಿ ಎರಡನ್ನೇ ಕೇಳಿದೆವು. ಅನುಮತಿ ದೊರೆತು ಪುಟಗಳ ಲೆಕ್ಕದಲ್ಲಿ ಹಣ ಕಟ್ಟಿಸಿಕೊಂಡರು, ಮೊನ್ನೆ ಗುರುವಾರ ನಕಲು ಕೈಗೆ ಬಂತು. ಪ್ರತಿ ಪುಟದ ಮೊಹರನ್ನು ಅಲ್ಲೇ ನಿಂತು ನೋಡಿಕೊಂಡೆವು. ಆ ತಾಯಿಯವರ ಮನೆಗೆ ಯಾರನ್ನೂ ಕಳುಹಿಸುವ ಸಂದರ್ಭವೇ ಬರಲಿಲ್ಲ. ಎರಡು ಪ್ರತಿಗಳನ್ನು ಪಡೆದಿದ್ದೇವೆ: ಒಂದನ್ನು ಪಿಂಚಣಿಯ ಅರ್ಜಿಯೊಂದಿಗೆ ಸೋಮವಾರ ಸಲ್ಲಿಸಿ ಸ್ವೀಕೃತಿ ಪಡೆದೆವು, ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅಟ್ಟದ ಬದಲು ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇವೆ.